ಸಣ್ಣ ಗುಳಿಗೆ, ದೂರದ ದಾರಿ

ಎಳ್ಳ ಅಮಾವಾಸ್ಯೆಯ ಚರಗ ಮುಗಿದು ಸಂಕ್ರಾಂತಿಗೆ ಇನ್ನೂ ಕೆಲವು ದಿನಗಳಿರುವಾಗ ಧಾರವಾಡ ಜಿಲ್ಲೆಯ ಎರೆಸೀಮೆಯಲ್ಲಿ ರಾತ್ರಿಯ ಚಳಿ ಮೈ ಕೊರೆಯುವಂತಿರುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಹಾದಿಯಲ್ಲಿ ಕುಂದಗೋಳ, ಗುಡಗೇರಿಗಳ ನಡುವೆ ಸಂಶಿ ಎಂಬ ಊರುಂಟು. ಅಲ್ಲಿಯ ಒಬ್ಬ ಹೆಣ್ಣುಮಗಳನ್ನು ವಾಚಕರು ಇಂಥದೊಂದು ರಾತ್ರಿಯಲ್ಲಿ ಕಲ್ಪಿಸಿಕೊಳ್ಳಬೇಕು. ವಯಸ್ಸು ಮೂವತ್ತೆಂಟು. ಹಗಲೆಲ್ಲ ಹೊಲದಲ್ಲಿ ಹತ್ತಿ ಬಿಡಿಸಿ ಬಂದವಳು. ಮನೆಮಂದಿಯೆಲ್ಲ ಕೌದಿಯೊಳಗೆ ಮುದುಡಿ ಮಲಗಿದ್ದರೆ ಈಕೆ ಕೌದಿಯನ್ನು ಒದ್ದು ಎದ್ದು, ಬಾಗಿಲು ತೆರೆದು, ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಾಳೆ. ಎದೆಯಿಂದ ಹೊರಟ ಝಳ ಕುತ್ತಿಗೆಗೆ, ಮುಖಕ್ಕೆ ಏರಿದೆ. ಕುಪ್ಪಸ ಬೆವರಿನಲ್ಲಿ ತೊಯ್ದಿದೆ. ಇನ್ನೆರಡು ನಿಮಿಷಗಳಲ್ಲಿ ಅದೇ ಬೆವರು ತಣ್ಣಗಾಗಿ ಮೈ ನಡುಗತೊಡಗುತ್ತದೆ. ಮತ್ತೆ ಒಳಗೆ ಹೋಗಿ ಮಲಗುತ್ತಾಳೆ. ನಿದ್ರೆ ಬರುವಷ್ಟರಲ್ಲಿ ಮತ್ತೊಮ್ಮೆ ಝಳ.

“ಉಷ್ಣ ಆಗೇತವ್ವಾ, ಸಬ್ಜಾ ನೆನಿಸಿ ಕುಡಿ” ಎಂದು ಅತ್ತೆ ಹೇಳುತ್ತಾಳೆ. “ಗರ್ಭಚೀಲ ತಗಿಸಿದ ಮ್ಯಾಲ ಹಿಂಗ ಇರತೈತಿ ಬಿಡು” ಎಂದು ನೆರೆಯ ಹೆಂಗಸು ಸಮಾಧಾನ ಹೇಳುತ್ತಾಳೆ. ಐದು ವರ್ಷಗಳ ಹಿಂದೆ, ಮುಟ್ಟಿನ ಸ್ರಾವ ಅತಿಯಾಯಿತೆಂದು ಆಕೆಯ ಗರ್ಭಕೋಶವನ್ನು ತೆಗೆಸಲಾಗಿತ್ತು. ಅಂದಿನಿಂದ ಸ್ರಾವವೇನೋ ನಿಂತಿತು. ಆದರೆ ನಿದ್ರೆ ಹೋಯಿತು, ಕೀಲುಗಳು ನೋಯತೊಡಗಿದವು, ಕಾರಣವಿಲ್ಲದೆ ಕಣ್ಣೀರು ಬರುತ್ತದೆ, ಗಂಡನ ಬಳಿಗೆ ಹೋಗಲು ನೋವಿನ ಭಯ. ಈ ಕೊನೆಯದನ್ನು ಆಕೆ ಯಾರ ಮುಂದೆಯೂ ಹೇಳಿಲ್ಲ.

ಈ ಹೆಣ್ಣುಮಗಳಿಗೆ ಹೆಸರಿಲ್ಲ. ಆದರೆ ಇಂಥವರು ಕುಂದಗೋಳ ತಾಲೂಕಿನಲ್ಲಾಗಲಿ, ನವಲಗುಂದ, ಕಲಘಟಗಿಗಳಲ್ಲಾಗಲಿ ಅಪರೂಪವಲ್ಲ. ಆಕೆಗೆ ಬೇಕಾದ ಮದ್ದು ಲೋಕದಲ್ಲಿ ಎಂಟು ದಶಕಗಳಿಂದ ಇದೆ. ಅದು ಬಂಗಾರದ ಬೆಲೆಯದೂ ಅಲ್ಲ. ಹಾಗಿದ್ದೂ ಅದು ಸಂಶಿಯ ಕಟ್ಟೆಯವರೆಗೆ ಬರಲಿಲ್ಲವೇಕೆ?

ಹೆಣ್ಣಿನ ಕಿಬ್ಬೊಟ್ಟೆಯಲ್ಲಿ, ಗರ್ಭಕೋಶದ ಎರಡು ಮಗ್ಗುಲಿಗೆ, ಬಾದಾಮಿಯ ಕಾಯಷ್ಟು ದೊಡ್ಡದಾದ ಎರಡು ಅಂಡಾಶಯಗಳಿವೆ. ಮಕ್ಕಳಾಗಲು ಬೇಕಾದ ಅಂಡಗಳನ್ನು ಪಕ್ವಗೊಳಿಸುವುದಷ್ಟೇ ಇವುಗಳ ಕೆಲಸವಲ್ಲ. ಇವು ನಿರ್ನಾಳ ಗ್ರಂಥಿಗಳೂ ಹೌದು. ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ರಕ್ತಕ್ಕೆ ನೇರವಾಗಿ ಬಿಡುತ್ತವೆ. ಆ ಹಾರ್ಮೋನಿನ ಆಳಿಕೆ ದೊಡ್ಡದು. ಎಲುಬು ಗಟ್ಟಿಯಾಗಿರುವುದು, ರಕ್ತನಾಳಗಳು ಮಿದುವಾಗಿರುವುದು, ಮೈಶಾಖದ ಹತೋಟಿ, ನಿದ್ರೆ, ಯೋನಿಮಾರ್ಗದ ತೇವ, ಮೂತ್ರಕೋಶದ ಆರೋಗ್ಯ ಇವೆಲ್ಲಕ್ಕೂ ಅದರ ನಂಟುಂಟು. ಸಹಜವಾಗಿ ವಯಸ್ಸಾಗುವ ಹೆಣ್ಣಿನಲ್ಲಿ ಅಂಡಾಶಯಗಳು ಹಲವು ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬಡವಾಗುತ್ತವೆ. ಒಂದು ವರ್ಷ ಪೂರ್ತಿ ಮುಟ್ಟು ಬಾರದಿದ್ದರೆ ಋತುಬಂಧವಾಯಿತೆನ್ನುವುದು ವೈದ್ಯರ ಲೆಕ್ಕ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೆಯ ವಯಸ್ಸಿಗೆ ಬರುತ್ತದೆ. ಭಾರತದಲ್ಲಿ ನಾಲ್ಕೈದು ವರ್ಷ ಮೊದಲೇ.

ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ತೆಗೆದಾಗ ಈ ನಿಧಾನವೆಂಬುದೇ ಇಲ್ಲ. ದೀಪವನ್ನು ಊದಿ ಆರಿಸಿದಂತೆ ಕೆಲವೇ ದಿನಗಳಲ್ಲಿ ಈಸ್ಟ್ರೊಜೆನ್ ಇಳಿದುಹೋಗುತ್ತದೆ. ಐವತ್ತರ ಹೆಂಗಸಿಗೆ ಬರುವ ಝಳಕ್ಕಿಂತ ಮೂವತ್ತಮೂರರಲ್ಲಿ ಕತ್ತರಿಸಿ ತಂದ ಝಳ ಹೆಚ್ಚು ತೀವ್ರವಾದದ್ದು. ಅದಕ್ಕಿಂತ ಹೆಚ್ಚಿನ ಆತಂಕದ ಸಂಗತಿ, ಕಣ್ಣಿಗೆ ಕಾಣದ ಎಲುಬಿನ ಸವಕಳಿಯೂ ಹೃದಯದ ಬೇನೆಯೂ ಅಷ್ಟು ವರ್ಷ ಮೊದಲೇ ದಾರಿ ಹಿಡಿಯುತ್ತವೆ. ಗರ್ಭಕೋಶವನ್ನು ಮಾತ್ರ ತೆಗೆದು ಅಂಡಾಶಯಗಳನ್ನು ಉಳಿಸಿದರೂ ಅವು ಕೆಲವರಲ್ಲಿ ತಮ್ಮ ಕಾಲಕ್ಕಿಂತ ಮುಂಚೆ ಸೋಲುವುದುಂಟು.

ಹಾಗೆ ಇಲ್ಲವಾದುದನ್ನು ಹೊರಗಿನಿಂದ ತುಂಬಿಕೊಡುವುದೇ ಹಾರ್ಮೋನು ಮರುಪೂರಣ ಚಿಕಿತ್ಸೆ. ಇದರ ಕಥೆ ಸ್ವಾರಸ್ಯವಾದದ್ದು. 1923ರಲ್ಲಿ ಅಮೆರಿಕದ ಎಡ್ಗರ್ ಅಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಎಂಬವರು ಅಂಡಾಶಯದಲ್ಲಿ ಇಂಥದೊಂದು ರಸವಿದೆಯೆಂದು ತೋರಿಸಿದರು. 1929ರಲ್ಲಿ ಡಾಯ್ಸಿಯವರೂ ಜರ್ಮನಿಯ ಬುಟೆನಾಂಟ್ ಅವರೂ ಬೇರೆಬೇರೆಯಾಗಿಯೇ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಗಬ್ಬದ ಕುದುರೆಗಳ ಮೂತ್ರದಲ್ಲಿ ಅದು ಯಥೇಚ್ಛವಾಗಿದೆಯೆಂದು ತಿಳಿದುಬಂದ ಮೇಲೆ, 1942ರಲ್ಲಿ ಅಮೆರಿಕದ ಪೇಟೆಗೆ ‘ಪ್ರೆಮರಿನ್’ ಎಂಬ ಗುಳಿಗೆ ಬಂತು. ಜೊತೆಯ ಹಾರ್ಮೋನಾದ ಪ್ರೊಜೆಸ್ಟೆರಾನ್ ಆಗ ಬಲು ದುಬಾರಿ. ರಸೆಲ್ ಮಾರ್ಕರ್ ಎಂಬ ಹಟಮಾರಿ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡಿನಲ್ಲಿ ಬೆಳೆಯುವ ಗೆಡ್ಡೆಯೊಂದರಿಂದ ಅದನ್ನು ತಯಾರಿಸುವ ಉಪಾಯ ಕಂಡುಹಿಡಿದ. 1944ರಲ್ಲಿ ಅಲ್ಲಿಯೇ ಕಂಪನಿಯೊಂದನ್ನು ಕಟ್ಟುವುದರಲ್ಲಿಯೂ ಪಾಲುಗಾರನಾದ. ಕೆಲವೇ ವರ್ಷಗಳಲ್ಲಿ ಅದರ ಬೆಲೆ ನೆಲಕ್ಕಿಳಿಯಿತು. ಕಾಡುಗೆಡ್ಡೆಯೊಂದು ಜಗತ್ತಿನ ಹೆಂಗಸರಿಗೆ ಮಾಡಿದ ಉಪಕಾರವನ್ನು ಬಣ್ಣಿಸಿದವರು ಕಡಮೆ.

ಮುಂದೆ ಭಯದ ಕಾಲ ಬಂತು. ಗರ್ಭಕೋಶವುಳ್ಳ ಹೆಂಗಸಿಗೆ ಈಸ್ಟ್ರೊಜೆನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರು ಹುಟ್ಟುವ ಸಂಭವ ಹೆಚ್ಚುತ್ತದೆಂದು 1975ರಲ್ಲಿ ಸ್ಪಷ್ಟವಾಯಿತು. ಜೊತೆಗೆ ಪ್ರೊಜೆಸ್ಟೆರಾನ್ ಜಾತಿಯ ಮದ್ದನ್ನು ಕೊಟ್ಟು ಆ ಗಂಡಾಂತರವನ್ನು ತಡೆಯಲಾಯಿತು. ಅನಂತರ 2002ರ ಜುಲೈ ತಿಂಗಳಿನಲ್ಲಿ ಅಮೆರಿಕದ ಮಹಿಳಾ ಆರೋಗ್ಯ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತೆಂಬ ಸುದ್ದಿ ಬಂದಿತು. 16,608 ಹೆಂಗಸರು ಪಾಲ್ಗೊಂಡಿದ್ದ ಪರೀಕ್ಷೆ ಅದು. ಎರಡೂ ಹಾರ್ಮೋನುಗಳನ್ನು ಕೂಡಿಸಿ ನುಂಗಿದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಎಂಟು ಮಂದಿಗೆ ಹೆಚ್ಚಾಗಿ ಸ್ತನದ ಕ್ಯಾನ್ಸರು, ಎಂಟು ಮಂದಿಗೆ ಹೆಚ್ಚಾಗಿ ಪಾರ್ಶ್ವವಾಯು, ಏಳು ಮಂದಿಗೆ ಹೆಚ್ಚಾಗಿ ಹೃದಯದ ತೊಂದರೆ. ಸೊಂಟದ ಎಲುಬು ಮುರಿಯುವುದು ಮಾತ್ರ ಐದು ಮಂದಿಗೆ ತಪ್ಪಿತ್ತು. ಪತ್ರಿಕೆಗಳ ಶೀರ್ಷಿಕೆಗಳು ‘ಹತ್ತು ಸಾವಿರಕ್ಕೆ ಎಂಟು’ ಎಂದು ಬರೆಯಲಿಲ್ಲ. ‘ಕ್ಯಾನ್ಸರು’ ಎಂದು ಬರೆದವು. ಲಕ್ಷಾಂತರ ಹೆಂಗಸರು ಗುಳಿಗೆಯನ್ನು ಬಿಸುಟರು. ವೈದ್ಯರು ಬರೆಯುವುದನ್ನೇ ಬಿಟ್ಟರು.

ಆ ಅಧ್ಯಯನದ ಹೆಂಗಸರ ಸರಾಸರಿ ವಯಸ್ಸು 63 ಎಂಬುದು ಗದ್ದಲದಲ್ಲಿ ಮರೆತುಹೋಯಿತು. ಅಂಕಿಗಳನ್ನು ಮತ್ತೆ ಜಾಲಿಸಿ ನೋಡಿದಾಗ, ಅರವತ್ತರ ಒಳಗಿನವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದವರಿಗೆ ಲಾಭವೇ ಹೆಚ್ಚೆಂದು ಕಂಡುಬಂತು. ಗರ್ಭಕೋಶವಿಲ್ಲದೆ ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನದ ಕ್ಯಾನ್ಸರು ಹೆಚ್ಚಲೂ ಇಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಮದ್ದುಗಳ ಡಬ್ಬಿಯ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಯುವ ಕ್ರಮಕ್ಕೆ ತೊಡಗಿದರು. ಇಷ್ಟಾದರೂ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೂವತ್ತೆಂಟರ ಹೆಣ್ಣಿಗೂ ಅರವತ್ತಮೂರರ ಅಧ್ಯಯನಕ್ಕೂ ಸಂಬಂಧವೇ ಇಲ್ಲ. ಆಕೆಗೆ ಕೊಡುವುದು ಹೆಚ್ಚುವರಿ ಹಾರ್ಮೋನಲ್ಲ. ಆ ವಯಸ್ಸಿನಲ್ಲಿ ಮೈಯಲ್ಲಿ ಇರಲೇಬೇಕಾಗಿದ್ದ ಹಾರ್ಮೋನು. ತಡೆಯುವ ಕಾರಣವೇನೂ ಇಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೆ, ಎಂದರೆ ಸುಮಾರು ಐವತ್ತರವರೆಗೆ, ಅದನ್ನು ಕೊಡಬೇಕೆಂಬುದು ಇಂದಿನ ವೈದ್ಯಶಾಸ್ತ್ರದ ಒಮ್ಮತ.

ಇಷ್ಟು ಎಳೆಯ ವಯಸ್ಸಿನಲ್ಲಿ ಅಷ್ಟೊಂದು ಮಂದಿಯ ಗರ್ಭಕೋಶ ಏಕೆ ಹೋಗುತ್ತದೆಂಬುದು ಬೇರೆಯೇ ಒಂದು ವ್ಯಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂವರಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಈ ಲೆಕ್ಕ ಇನ್ನೂ ಮೇಲೆ. ನಮ್ಮಲ್ಲಿಯೇ ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆಯಲಾಯಿತೆಂಬ ದೂರು 2015ರಲ್ಲಿ ದೊಡ್ಡ ಸುದ್ದಿಯಾಗಿ, ಮುಂದೆ ಆ ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಿದರು. ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದವರಿಗೆ, ಇಂದು ತೆಗೆಸದಿದ್ದರೆ ನಾಳೆ ಕ್ಯಾನ್ಸರು ಎಂದು ಹೆದರಿಸಿದ್ದು ಅಲ್ಲಿಯ ದೂರುಗಳಲ್ಲಿ ಮತ್ತೆಮತ್ತೆ ಕೇಳಿಬಂದ ಮಾತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಇದನ್ನು ತಡೆಯಲು ಮಾರ್ಗಸೂಚಿಗಳನ್ನು ಹೊರಡಿಸಿತು. ರಾಜ್ಯಗಳೆಲ್ಲ ಮೂರು ತಿಂಗಳೊಳಗೆ ಅವನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಮುಂದೆ ತೆಗೆಯುವುದನ್ನು ಇದು ತಡೆದೀತು. ಈಗಾಗಲೇ ಕಳೆದುಕೊಂಡವರ ಗತಿ?

ಇಲ್ಲಿ ಒಂದು ವಿಪರ್ಯಾಸವನ್ನು ಕಾಣದಿರಲಾಗದು. ಸರಕಾರದ ಆರೋಗ್ಯ ವಿಮೆಗಳು ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ಚಿಕಿತ್ಸೆಗೆ ಹಣ ಕೊಡುತ್ತವೆ. ಮನೆಯಲ್ಲಿ ದಿನವೂ ನುಂಗುವ ಗುಳಿಗೆಗೆ ಕೊಡುವುದಿಲ್ಲ. ಕತ್ತರಿಸುವುದಕ್ಕೆ ದುಡ್ಡುಂಟು, ತುಂಬಿಕೊಡುವುದಕ್ಕಿಲ್ಲ.

ಹಾಗಾದರೆ ಗುಳಿಗೆಯ ಬೆಲೆ ಎಷ್ಟು? ಗರ್ಭಕೋಶವಿಲ್ಲದವಳಿಗೆ ಪ್ರೊಜೆಸ್ಟೆರಾನಿನ ಕಾವಲು ಸಾಮಾನ್ಯವಾಗಿ ಬೇಡ. ಈಸ್ಟ್ರೊಜೆನ್ ಒಂದೇ ಸಾಕು. ದುರದೃಷ್ಟದಲ್ಲಿ ಇದೊಂದು ಅಗ್ಗದ ಭಾಗ್ಯವೆನ್ನಬೇಕು. ಈಸ್ಟ್ರಡಯಾಲ್ ವ್ಯಾಲರೇಟ್ ಎಂಬ ಗುಳಿಗೆ ಒಂದು, ಎರಡು ಮಿಲಿಗ್ರಾಮುಗಳಲ್ಲಿ ದೊರೆಯುತ್ತದೆ. ದಿನಕ್ಕೊಂದರಂತೆ ತಿಂಗಳ ಖರ್ಚು ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಎಂದರೆ ತಿಂಗಳ ಮದ್ದು ಒಂದೆರಡು ದಿನದ ಕೂಲಿಯೊಳಗೆ ಬಂದಂತಾಯಿತು. ಮೈಗೆ ಹಚ್ಚುವ ಜೆಲ್ಲಿನ ರೂಪದಲ್ಲಿಯೂ ಈಸ್ಟ್ರೊಜೆನ್ ಇದೆ. ಚರ್ಮದ ಮೂಲಕ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಭಯ ಅದರಲ್ಲಿ ಕಡಮೆ, ಆದರೆ ಬೆಲೆ ಜಾಸ್ತಿ. ಝಳವೇನೂ ಇಲ್ಲದೆ ಯೋನಿಯ ಒಣತನ, ಉರಿಮೂತ್ರಗಳಷ್ಟೇ ಇರುವ ಹೆಂಗಸರಿಗೆ ಎಸ್ಟ್ರಿಯಾಲ್ ಎಂಬ ಮುಲಾಮೇ ಸಾಕಾಗಬಹುದು. ಅದು ಹಚ್ಚಿದಲ್ಲಿಯೇ ಕೆಲಸ ಮಾಡುವಂಥದು. ಒಂದು ಕೊಳವೆ ಹಲವು ವಾರ ಬಾಳುತ್ತದೆ.

ಖರ್ಚು ತಗ್ಗಿಸುವ ದಾರಿಗಳೂ ಇಲ್ಲದಿಲ್ಲ. ಔಷಧದ ಮೂಲಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿಯೇ ವೈದ್ಯರಿಗೆ ವಿಧಿಸಿದೆ. ಕಂಪನಿಯ ಹೆಸರಿಲ್ಲದ ಚೀಟಿಯಿದ್ದರೆ ಅಂಗಡಿಯಲ್ಲಿ ಅಗ್ಗದ್ದನ್ನು ಕೇಳಿ ಕೊಳ್ಳಬಹುದು. 2008ರಲ್ಲಿ ಮೊದಲಾದ ಜನೌಷಧಿ ಅಂಗಡಿಗಳು 2025ರ ಆರಂಭಕ್ಕೆ ದೇಶದಲ್ಲಿ 15,000ವನ್ನು ಮುಟ್ಟಿದವು. ಚೀಟಿ ಹಿಡಿದು ಮೊದಲು ಅಲ್ಲಿ ಕೇಳುವುದು ಲೇಸು. ಅಲ್ಲಿಯ ದಾಸ್ತಾನಿನಲ್ಲಿ ಇಲ್ಲವೆಂದರೆ ಬೇರೆ ಅಂಗಡಿಗೆ ಹೋದರಾಯಿತು. ಎಲುಬಿಗೆ ಬೇಕಾದ ಕ್ಯಾಲ್ಸಿಯಂ, ಡಿ ಜೀವಸತ್ತ್ವದ ಗುಳಿಗೆಗಳಂತೂ ಅಲ್ಲಿ ಅಗ್ಗ.

ಇನ್ನು ಹಳ್ಳಿಯೊಳಗೇ, ಬಿಡಿಗಾಸಿಲ್ಲದೆ ಸಿಗುವ ಈಸ್ಟ್ರೊಜೆನ್ ಒಂದುಂಟು. ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ‘ಮಾಲಾ-ಎನ್’ ಪೊಟ್ಟಣವೇ ಅದು. ಸಂತಾನನಿಯಂತ್ರಣಕ್ಕಾಗಿ ಸರಕಾರ ಪುಕ್ಕಟೆ ಹಂಚುವ ಈ ಪೊಟ್ಟಣದ 21 ಗುಳಿಗೆಗಳಲ್ಲಿ ಎರಡೂ ಬಗೆಯ ಹಾರ್ಮೋನುಗಳಿವೆ. ಮಿಕ್ಕ ಏಳು ಕಬ್ಬಿಣದ ಗುಳಿಗೆಗಳು. ಅಂಡಾಶಯಗಳು ಅಕಾಲದಲ್ಲಿ ಸೋತ ಎಳೆಯ ಹೆಂಗಸರಿಗೆ ಮರುಪೂರಣಕ್ಕೆ ಬದಲಾಗಿ ಇಂಥ ಗುಳಿಗೆಯನ್ನು ವೈದ್ಯರು ಕೆಲವೊಮ್ಮೆ ಬರೆಯುವುದುಂಟು. ಎಲುಬಿಗೂ ರಕ್ತದೊತ್ತಡಕ್ಕೂ ಮರುಪೂರಣದ ಗುಳಿಗೆಯೇ ಉತ್ತಮ. ಏನೂ ಇಲ್ಲದಿರುವುದಕ್ಕಿಂತ ಇದು ಮೇಲು. ಆದರೆ ಈ ಸಾಲನ್ನು ಓದಿದ ಯಾರೂ ನೆರೆಮನೆಯ ಪೊಟ್ಟಣವನ್ನು ಕಡ ತಂದು ನುಂಗಬಾರದು. ಇದಕ್ಕೆ ಬಲವಾದ ಕಾರಣವಿದೆ. ಸ್ತನದ ಕ್ಯಾನ್ಸರು ಬಂದವರು, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಯಕೃತ್ತಿನ ಬೇನೆಯವರು, ಕಾರಣ ತಿಳಿಯದ ರಕ್ತಸ್ರಾವವುಳ್ಳವರು ಈಸ್ಟ್ರೊಜೆನ್ ನುಂಗುವುದು ಅಪಾಯ. ರಕ್ತದೊತ್ತಡವನ್ನು ಮೊದಲು ಅಳೆಯಬೇಕು, ಸ್ತನಗಳನ್ನು ಪರೀಕ್ಷಿಸಬೇಕು. ಇದು ಚೀಟಿಯ ಮೇಲೆಯೇ ಕೊಡತಕ್ಕ ಮದ್ದು. ಚೀಟಿಯಿಲ್ಲದೆ ಕೊಡುವ ಅಂಗಡಿಕಾರನ ಔದಾರ್ಯ ಔದಾರ್ಯವಲ್ಲ.

ಬೆಲೆ ಇಷ್ಟೇ ಎಂದ ಮೇಲೆ ತೊಡಕೆಲ್ಲಿದೆ? ದಾರಿಯಲ್ಲಿದೆ. ಸಂಶಿಯ ಹೆಣ್ಣುಮಗಳು ಕುಂದಗೋಳದ ತಾಲೂಕು ಆಸ್ಪತ್ರೆಗಾಗಲಿ, ಅಲ್ಲಿ ಸಾಗದಿದ್ದರೆ ಹುಬ್ಬಳ್ಳಿಗಾಗಲಿ ಹೋಗಬೇಕು. ಸವಾಯಿ ಗಂಧರ್ವರಲ್ಲಿ ಹಾಡು ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದುಹೋಗುತ್ತಿದ್ದ ಹಾದಿಯೇ ಇದು. ಒಂದು ಕಾಲದಲ್ಲಿ ಬಸ್ಸಿನ ಚಾರ್ಜೇ ಒಂದು ಅಡ್ಡಿಯಾಗಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ದುಡ್ಡಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಮೊದಲಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಯ ಹೆಸರಿಗೇ ಬರುತ್ತದೆ. ಆ ಹಣದಲ್ಲಿ ಮಗನ ಫೀಜು, ಕಿರಾಣಿ ಅಂಗಡಿಯ ಬಾಕಿ, ಅತ್ತೆಯ ಬಿ.ಪಿ. ಗುಳಿಗೆ ಎಲ್ಲಕ್ಕೂ ಪಾಲುಂಟು. ತನ್ನ ಮೈಗೆಂದು ಒಂದು ಪಾಲು ತೆಗೆದಿಡುವ ರೂಢಿ ಮಾತ್ರ ಯಜಮಾನಿಗೆ ಇಲ್ಲ.

ಉಳಿಯುವುದು ಕೂಲಿ. ಹುಬ್ಬಳ್ಳಿಗೆ ಹೋದ ದಿನ ಹೊಲದ ಕೂಲಿ ಹೋಯಿತು. ಹತ್ತಿ ಒಡೆದು ನಿಂತಾಗ, ಮೆಣಸಿನಕಾಯಿ ಹಣ್ಣಾದಾಗ ಒಂದು ದಿನವೆಂದರೆ ದೊಡ್ಡದು. ಜನ ಈಗಲೂ ‘ಕಿಮ್ಸ್’ ಎಂದೇ ಕರೆಯುವ, 1957ರಲ್ಲಿ ಹುಬ್ಬಳ್ಳಿಯ ಮೆಡಿಕಲ್ ಕಾಲೇಜಾಗಿ ಹುಟ್ಟಿದ ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗವಿದೆ. ಆದರೆ ಸುತ್ತಲ ಜಿಲ್ಲೆಗಳ ಬಸುರಿ ಬಾಣಂತಿಯರೆಲ್ಲ ಬರುವ ಆ ಸಾಲಿನಲ್ಲಿ ನಿಂತು, “ಮೈಯಾಗ ಝಳ ಬರತೈತ್ರೀ” ಎನ್ನಲು ಅರ್ಧ ದಿನ ಕಾಯಬೇಕಾದೀತು. ಅಷ್ಟು ಸಣ್ಣ ಮಾತಿಗೆ ಇಷ್ಟು ದೂರ ಬಂದೆನೇ ಎಂದು ನಾಚಿಕೆಯಾದೀತು. ನಾಚಿಕೆಯ ಖರ್ಚನ್ನು ಯಾವ ಯೋಜನೆಯೂ ತುಂಬಿಕೊಟ್ಟಿಲ್ಲ.

ಸಾಲು ಮುಗಿದು ವೈದ್ಯೆಯ ಮುಂದೆ ಕುಳಿತಾಗ ಬರುವ ಮೊದಲ ಪ್ರಶ್ನೆಯೇ ತೊಡಕಿನದು.

“ಗರ್ಭಚೀಲದ ಜೊತಿಗೆ ಅಂಡಾಶಯನೂ ತೆಗದಾರೇನವ್ವಾ? ಎರಡೂ ತೆಗದಾರೋ, ಒಂದೋ?”

“ಅದೆಲ್ಲಾ ನಮಗೇನ್ ಗೊತ್ರೀ ಬಾಯಾರ? ಚೀಲ ತಗದೇವಿ ಅಂದ್ರು, ಮನಿಗೆ ಬಂದ್ವಿ.”

“ಕಾಗದ ಐತೇನು?”

“ಇರಬೇಕ್ರಿ. ನಮ್ಮನಿಯವರು ಎಲ್ಲಿಟ್ಟಾರೋ ಏನೋ.”

ಎಲ್ಲ ಚಿಕಿತ್ಸೆಯ ಕೀಲಿಕೈ ಆ ಕಾಗದ. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯಲ್ಲಿ ಏನೇನು ತೆಗೆದರು, ಏಕೆ ತೆಗೆದರು ಎಂದು ಬರೆದಿರುತ್ತದೆ. ತೆಗೆದ ಅಂಗವನ್ನು ಪರೀಕ್ಷಿಸಿದ ವರದಿಯೂ ಅದರೊಡನೆ ಇರತಕ್ಕದ್ದು. ಕ್ಯಾನ್ಸರಿಗಾಗಿ ತೆಗೆದಿದ್ದರೆ ಹಾರ್ಮೋನಿನ ವಿಚಾರವೇ ಬೇರೆಯಾಗುತ್ತದೆ. ಆದ್ದರಿಂದ ಆ ವರದಿಗೆ ಬಂಗಾರದ ತೂಕ. ರೇಶನ್ ಕಾರ್ಡು, ಹೊಲದ ಉತಾರಗಳನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿಡುವ ಮನೆಗಳಲ್ಲಿಯೂ ಈ ಕಾಗದ ಎಲ್ಲೋ ಸುರುಳಿಸುತ್ತಿ ಬಿದ್ದಿರುತ್ತದೆ. ಇಲ್ಲವೆ ಮಳೆಗಾಲದ ಸೋರಿಕೆಗೆ ಕರಗಿಹೋಗಿರುತ್ತದೆ. ಕಳೆದಿದ್ದರೆ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯಲ್ಲಿ ಪ್ರತಿಯನ್ನು ಕೇಳಬಹುದು. ಅದೂ ಸಿಗದಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್, ರಕ್ತದಲ್ಲಿ ಎಫ್.ಎಸ್.ಎಚ್. ಪರೀಕ್ಷೆ. ಹೀಗೆ ಕಳೆದ ಕಾಗದವೊಂದು ಗುಳಿಗೆಗಿಂತ ದುಬಾರಿಯಾಗಿ ಕೂಡುತ್ತದೆ.

ಊಟದ ಮಾತು ಬಾರದೆ ಇಂಥ ಲೇಖನ ಮುಗಿಯದು. ಜೋಳದ ರೊಟ್ಟಿ ಬಲ ಕೊಡುವುದು ನಿಜ. ಎಲುಬಿಗೆ ಬೇಕಾದ ಸುಣ್ಣದಂಶ ಅದರಲ್ಲಿ ಕಡಮೆ. ನೂರು ಗ್ರಾಮು ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದ್ದರೆ ಜೋಳದಲ್ಲಿ ಅದರ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲ. ಎಳ್ಳು ಈ ವಿಷಯದಲ್ಲಿ ರಾಗಿಯನ್ನೂ ಮೀರಿಸುತ್ತದೆ. ಸಂಕ್ರಾಂತಿಗೆ ಮಾತ್ರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವ ಕೈಗಳು ಅದನ್ನು ವರ್ಷವಿಡೀ ಬಡಿದರೆ ನಷ್ಟವೇನೂ ಇಲ್ಲ. ಮಜ್ಜಿಗೆ, ಗುರೆಳ್ಳು ಚಟ್ನಿ ಇದ್ದೇ ಇವೆ. ಆದರೆ ಎಳ್ಳಾಗಲಿ, ಸಬ್ಜಾ ನೀರಾಗಲಿ, ಅಂಗಡಿಯ ಶತಾವರಿಯ ಪುಡಿಯಾಗಲಿ ತೆಗೆದುಹಾಕಿದ ಅಂಡಾಶಯದ ಕೆಲಸವನ್ನು ಮಾಡಲಾರವು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಅವುಗಳ ಬೆಲೆ ಕೆಲವೊಮ್ಮೆ ನಿಜವಾದ ಗುಳಿಗೆಗಿಂತ ಹೆಚ್ಚಿರುವುದನ್ನು ಗಮನಿಸಬೇಕು.

ಗುಳಿಗೆಯನ್ನು ಆರಂಭಿಸಿದವರಿಗೆ ಝಳವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿಯೇ ತಗ್ಗತೊಡಗುತ್ತದೆ. ಸುಮಾರು ಮೂರು ತಿಂಗಳಿಗೆ ಒಮ್ಮೆ ಹೋಗಿ ರಕ್ತದೊತ್ತಡ ತೋರಿಸಿ, ಪ್ರಮಾಣ ಸರಿಯಿದೆಯೇ ಎಂದು ಕೇಳಬೇಕು. ಎಲ್ಲ ಸರಿಯಾಗಿದ್ದರೆ ಮುಂದೆ ವರ್ಷಕ್ಕೊಮ್ಮೆ. ಕಾಲು ಬಾತು ನೋಯತೊಡಗಿದರೆ, ಎದೆನೋವು ಬಂದರೆ, ಸ್ತನದಲ್ಲಿ ಗಂಟು ಕೈಗೆ ಹತ್ತಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂವತ್ತೆಂಟರಲ್ಲಿ ಆರಂಭಿಸಿದವಳಿಗೆ ಇದು ಹತ್ತು ಹನ್ನೆರಡು ವರ್ಷಗಳ ಮಾತು. ಪ್ರತಿಸಲವೂ ಆ ಹಳೆಯ ಕಾಗದವನ್ನೂ ಹಿಂದಿನ ಚೀಟಿಯನ್ನೂ ಜೊತೆಗೊಯ್ಯಬೇಕು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರೇಶನ್ ಕಾರ್ಡಿನ ಜೊತೆಗಿಟ್ಟರೆ ಮಳೆಗೂ ನೆನೆಯದು, ಬಸ್ಸಿನ ಹೊತ್ತಿಗೆ ಹುಡುಕಲೂ ಬೇಕಾಗದು.